ಕೆರೆಯಮ್ಮನ ಕತ್ತು

ನಮ್ಮ ಮನೆಯ ಗೊಂಬೆಗಳ ಪೆಟ್ಟಿಗೆಯಲ್ಲಿ, ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿಟ್ಟ ಒಂದು ನೀಲಿ ಪ್ರಾಣಿ ಇದೆ. ಮೊಳದುದ್ದದ ಮೈ, ಹಂಸದ ಹಾಗೆ ಎದ್ದ ಕತ್ತು, ಆನೆಯ ಹಾಗೆ ಅಗಲವಾದ ಬೆನ್ನು. ಅದನ್ನು ಮಾಡಿದವಳು ನಾನು ಎಂದು ನಮ್ಮಮ್ಮ ಇವತ್ತಿಗೂ ನಂಬಿದ್ದಾಳೆ. ಮಾಡಿದವಳು ನನ್ನ ತಂಗಿ. ಇಷ್ಟನ್ನು ಬರೆಯಲು ನನಗೆ ಇಷ್ಟು ವರ್ಷ ಬೇಕಾಯಿತು.

ನಾವಿದ್ದದ್ದು ಮದ್ರಾಸಿನ ಸೌಕಾರ್‌ಪೇಟೆಯಲ್ಲಿ. ಒಂದೇ ಅಂಗಳದ ಸುತ್ತ ಐದು ಸಂಸಾರಗಳಿದ್ದ ಹಳೆಯ ಮನೆಯ ಕೆಳಗಿನ ಎರಡು ಕೋಣೆ ನಮ್ಮದು. ಅಪ್ಪ ನಂಜನಗೂಡಿನ ಕಡೆಯಿಂದ ಬಂದು ಸಗಟು ಬಟ್ಟೆ ಅಂಗಡಿಯೊಂದರಲ್ಲಿ ಗುಮಾಸ್ತರಾಗಿದ್ದರು. ನಾನು ತಮಿಳು ಶಾಲೆಯಲ್ಲಿ ಎಂಟನೇ ಕ್ಲಾಸಿನವರೆಗೆ ಓದಿದೆ. ನನ್ನನ್ನು ಯಾರೂ ಶಾಲೆ ಬಿಡಿಸಲಿಲ್ಲ. ಲೆಕ್ಕ ತಲೆಗೆ ಹತ್ತಲಿಲ್ಲ, ಎರಡು ಸಲ ನಪಾಸಾದೆ, ಮೂರನೇ ಸಲ ಹೋಗಲು ನಾಚಿಕೆಯಾಯಿತು. ಕನ್ನಡದ ಅಕ್ಷರಗಳನ್ನು ಅಮ್ಮ ಅಡುಗೆಮನೆಯ ನೆಲದ ಮೇಲೆ ಅಕ್ಕಿಹಿಟ್ಟು ಹರಡಿ ಕಲಿಸಿದ್ದಳು. ಅಮ್ಮನಿಗೆ ಬೇರೆ ಭಾಷೆ ಓದಲು ಬರುವುದಿಲ್ಲ.

ತಂಗಿ ನನಗಿಂತ ಆರು ವರ್ಷ ಚಿಕ್ಕವಳು, ಓದಿನಲ್ಲಿ ಚುರುಕು. ಅಮ್ಮ ಕನ್ನಡದಲ್ಲಿ ಕೇಳಿದರೆ ಅವಳು ಅರ್ಧ ತಮಿಳಿನಲ್ಲಿ ಉತ್ತರ ಕೊಡುತ್ತಿದ್ದಳು. ಮನೆಗೆ ಬಂದವರು ಚಿಕ್ಕವಳ ಮಾರ್ಕು ಕೇಳಿ, ಆಮೇಲೆ ನನ್ನ ಕಡೆ ತಿರುಗಿ, ದೊಡ್ಡವಳು ಏನು ಮಾಡುತ್ತಾಳೆ ಎಂದು ಕೇಳುತ್ತಿದ್ದರು. ಮನೆಯಲ್ಲೇ ಇದ್ದಾಳೆ, ನನ್ನ ಕೈಗೆ ಆಸರೆಯಾಗಿದ್ದಾಳೆ ಎಂದು ಅಮ್ಮ ಹೇಳುವಳು. ಹೇಳುವಾಗ ಅವಳು ಸೆರಗು ಸರಿಮಾಡಿಕೊಳ್ಳುತ್ತಿದ್ದಳು. ಆ ಸೆರಗು ಸರಿಯಾಗಿಯೇ ಇರುತ್ತಿತ್ತು.

ಮಹಡಿಯ ಮೇಲೆ ಒಂದು ಮಾರವಾಡಿ ಸಂಸಾರ. ಅವರ ಮೊಮ್ಮಗಳು ತಂಗಿಯ ಕ್ಲಾಸಿನವಳು. ಹೊಸ ಶತಮಾನ ಬರಲು ಒಂದೆರಡು ವರ್ಷ ಇದ್ದಾಗ, ಅವರ ಸಿಂಗಪುರದ ನೆಂಟರು ಟಿವಿಗೆ ಜೋಡಿಸುವ ಒಂದು ಆಟದ ಪೆಟ್ಟಿಗೆ ತಂದುಕೊಟ್ಟರು. ಅಲ್ಲಿಯವರೆಗೆ ನಾವು ನೋಡಿದ ಟಿವಿ ಗೇಮ್‌ಗಳಲ್ಲಿ ಮನುಷ್ಯ ಎಡದಿಂದ ಬಲಕ್ಕೆ ಓಡುತ್ತಿದ್ದ, ಅಷ್ಟೇ. ಇದರಲ್ಲಿ ಸುತ್ತ ತಿರುಗಬಹುದಿತ್ತು, ಬೆಟ್ಟ ಹತ್ತಬಹುದಿತ್ತು, ನೀರಿಗೆ ಬೀಳಬಹುದಿತ್ತು. ಶಾಲೆ ಬಿಟ್ಟ ಮೇಲೆ ತಂಗಿ ಅಲ್ಲಿಗೆ ಓಡುವಳು. ಅವಳನ್ನು ಕರೆದುಕೊಂಡು ಬರುವ ನೆಪದಲ್ಲಿ ನಾನೂ ಹೋಗಿ ಬಾಗಿಲ ಬಳಿ ನಿಲ್ಲುತ್ತಿದ್ದೆ. ಮೇಲಿನ ಮನೆಯ ಅಜ್ಜಿ, ಬಾಗಿಲಲ್ಲಿ ನಿಂತರೆ ಲಕ್ಷ್ಮಿ ಒಳಗೆ ಬರುವುದು ಹೇಗೆ, ಕೂತುಕೋ ಎಂದು ಗದರಿದ ಮೇಲೆ ಕೂರತೊಡಗಿದೆ.

ಆ ಆಟದಲ್ಲಿ ಒಂದು ಗವಿ. ಗವಿಯ ತಳದಲ್ಲಿ ದೊಡ್ಡ ಕೆರೆ. ಕೆರೆಯಲ್ಲಿ ಒಂದು ಭಾರೀ ನೀಲಿ ಪ್ರಾಣಿ ಈಜುತ್ತಿತ್ತು. ಅದು ಯಾರಿಗೂ ಏನೂ ಮಾಡುತ್ತಿರಲಿಲ್ಲ. ಆ ಆಟದಲ್ಲಿ ಎದುರಿಗೆ ಬಂದದ್ದೆಲ್ಲ ಕಚ್ಚುತ್ತಿತ್ತು, ಸುಡುತ್ತಿತ್ತು. ಇದೊಂದು ಮಾತ್ರ ಬೆನ್ನು ಕೊಡುತ್ತಿತ್ತು. ಹತ್ತಿ ನಿಂತು ನಾವು ಯಾವ ಕಡೆ ಮುಖ ಮಾಡುತ್ತೇವೋ ಆ ಕಡೆಗೆ ಹೋಗುತ್ತಿತ್ತು. ತಂಗಿ ಅದಕ್ಕೆ ಕೆರೆಯಮ್ಮ ಎಂದು ಹೆಸರಿಟ್ಟಳು.

ಕೆರೆಯ ನಡುವೆ ಎತ್ತರದ ಒಂದು ದಿಬ್ಬ. ಅದರ ಮೇಲೆ ಹೊಳೆಯುವ ನಕ್ಷತ್ರ. ಅದನ್ನು ತೆಗೆದುಕೊಂಡರೆ ಆಟ ಮುಂದಕ್ಕೆ. ಆದರೆ ಬೆನ್ನಿನ ಮೇಲಿಂದ ಹಾರಿದರೆ ಅಷ್ಟೆತ್ತರ ಸಿಗುವುದಿಲ್ಲ. ಮೇಲಕ್ಕೆ ಹಾರಿ, ಕುಂಡೆ ಊರಿ ಅದರ ಬೆನ್ನಿನ ಮೇಲೆ ದೊಪ್ಪೆಂದು ಬೀಳಬೇಕು. ಆಗ ಅದು ನೋವಿನಿಂದಲೋ ಏನೋ ತಲೆ ತಗ್ಗಿಸುತ್ತದೆ. ತಗ್ಗಿದ ತಲೆಯ ಮೇಲೆ ಓಡಿ ನಿಂತರೆ ಅದು ಮತ್ತೆ ಕತ್ತು ಎತ್ತಿ ನಮ್ಮನ್ನು ದಿಬ್ಬಕ್ಕೆ ಮುಟ್ಟಿಸುತ್ತದೆ. ಮೇಲಿನ ಮನೆಯ ಹುಡುಗಿ ಇದನ್ನು ಎರಡನೇ ದಿನವೇ ಕಂಡುಹಿಡಿದಿದ್ದಳು. ತಂಗಿಗೂ ಗೊತ್ತಿತ್ತು. ಅವಳು ಮಾತ್ರ ಹೊಡೆಯುತ್ತಿರಲಿಲ್ಲ. ಬೆನ್ನ ಮೇಲೆ ನಿಂತು ಕೆರೆ ಸುತ್ತುವಳು, ಇನ್ನೊಂದು ಸುತ್ತು, ಮತ್ತೊಂದು ಸುತ್ತು. ಅವಳ ಗೆಳತಿ ಬೇಸತ್ತು ಎದ್ದುಹೋಗುತ್ತಿದ್ದಳು.

ಒಂದು ದಿನ ನಾನೇ ಆಟ ಆಡಿಸುವ ಕಡ್ಡಿಯನ್ನು ಅವಳ ಕೈಯಿಂದ ಕಸಿದುಕೊಂಡು ಹೊಡೆಯಲು ಹೋದೆ.

"ವೇಣಾಂ ಅಕ್ಕಾ," ಬೇಡ ಎಂದು ನನ್ನ ಮಣಿಕಟ್ಟು ಹಿಡಿದಳು. "ಪಾವಂ ಅದು. ನಮ್ಮನ್ನ ಹೊತ್ಕೊಂಡಿದೆ ಅಲ್ಲವಾ?"

"ಟಿವಿಯೊಳಗಿನದಕ್ಕೆ ನೋವಾಗತ್ತೇನೇ ಪೆದ್ದಿ?"

"ಹೊಡೆದರೆ ತಲೆ ಬಗ್ಗಿಸತ್ತಲ್ಲ. ಮತ್ತೆ ಹೇಗೆ?"

ಕಡ್ಡಿಯನ್ನು ವಾಪಸು ಕೊಟ್ಟೆ. ಹತ್ತು ವರ್ಷದ ಮಗುವಿನ ಮಾತು ಎಂದು ನಕ್ಕಿದ್ದೆ.

ಆ ವರ್ಷದ ನವರಾತ್ರಿ ಬಂತು. ನಮ್ಮಲ್ಲಿ ಗೊಂಬೆ ಕೂರಿಸುವ ಪದ್ಧತಿ ಅಜ್ಜಿಯ ಕಾಲದ್ದು. ರಾಜ ರಾಣಿಯ ಪಟ್ಟದ ಗೊಂಬೆಗಳು ಅಮ್ಮನ ಮದುವೆಯಲ್ಲಿ ಬಂದವು. ಪ್ರತಿ ವರ್ಷ ಮೆಟ್ಟಿಲಿಗೆ ಒಂದಾದರೂ ಹೊಸ ಗೊಂಬೆ ಸೇರಬೇಕು, ಮದ್ರಾಸಿನವರಿಗೂ ಹಾಗೆಯೇ. ಆ ಸಲ ಹೊಸದನ್ನು ನಾನು ಮಾಡುತ್ತೇನೆ ಎಂದು ತಂಗಿ ನನ್ನ ಬಳಿ ಗುಟ್ಟಾಗಿ ಹೇಳಿದಳು. ಅಮ್ಮನಿಗೆ ಹೇಳಬೇಡ, ಮುಗಿದ ಮೇಲೆ ತೋರಿಸೋಣ ಎಂದಳು.

ಹಳೆಯ ಪೇಪರನ್ನು ಹರಿದು ಮೂರು ದಿನ ನೆನೆಹಾಕಿದಳು. ಮೆಂತ್ಯದ ಜೊತೆ ಅದನ್ನು ರುಬ್ಬಿದರೆ ಜೇಡಿಮಣ್ಣಿನ ಹಾಗೆ ಅಂಟುತ್ತದೆ. ನಮ್ಮಜ್ಜಿ ಹೀಗೆಯೇ ಮೊರಕ್ಕೆ ಬಳಿಯುತ್ತಿದ್ದಳು. ರುಬ್ಬುವ ಕಲ್ಲು ಅವಳ ಕೈಗೆ ಭಾರ, ಹಾಗಾಗಿ ರುಬ್ಬಿಕೊಟ್ಟದ್ದು ನಾನು. ನನ್ನ ಪಾಲು ಅಷ್ಟೇ. ಅಷ್ಟೇ ಎಂದು ಒತ್ತಿ ಬರೆಯುತ್ತಿದ್ದೇನೆ, ಏಕೆಂದರೆ ಆಮೇಲೆ ಎಷ್ಟೋ ವರ್ಷ ಆ ರುಬ್ಬಿದ್ದನ್ನೇ ಎಳೆದು ಎಳೆದು ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೇನೆ.

ಬಟ್ಟೆಗೆ ಹಾಕುವ ನೀಲಿಯನ್ನು ಸುಣ್ಣದಲ್ಲಿ ಕಲಸಿ ಬಣ್ಣ ಮಾಡಿದಳು. ಕಣ್ಣಿಗೆ ನನ್ನ ಹಳೆಯ ಸರದಿಂದ ಎರಡು ಕಪ್ಪು ಮಣಿ ಬಿಚ್ಚಿಕೊಂಡಳು. ಬೆನ್ನಿನ ಮೇಲೆ ಬೆರಳಿನಷ್ಟು ಎತ್ತರದ ಇಬ್ಬರನ್ನು ನಿಲ್ಲಿಸಿದಳು. ಮುಂದೆ ದೊಡ್ಡದು, ಹಿಂದೆ ಚಿಕ್ಕದು. ಮುಂದಿನದಕ್ಕೆ ಉದ್ದ ಜಡೆ.

"ಮುಂದೆ ನೀನು," ಎಂದಳು. "ನೀನು ನೋಡಿದ ಕಡೆಗೆ ಅದು ಹೋಗತ್ತೆ. ನಾನು ಚುಮ್ಮಾ ಹಿಂದೆ ನಿಂತ್ಕೋತೀನಿ."

ನಾನು ಪೇಪರ್ ರುಬ್ಬುವುದನ್ನು ಅಮ್ಮ ನೋಡಿದ್ದಳು. ಮಿಕ್ಕದ್ದನ್ನು ನೋಡಿರಲಿಲ್ಲ. ಪ್ರಾಣಿ ತಯಾರಾಗಿ ಮೆಟ್ಟಿಲ ಕೆಳಗೆ ಬಂದಾಗ ಅವಳು ನನ್ನ ತಲೆ ಸವರಿ, ಎಷ್ಟು ಚೆನ್ನಾಗಿದೆಯೇ ಎಂದಳು. ತಂಗಿ ಆಗ ಶಾಲೆಯಲ್ಲಿದ್ದಳು. ಅಲ್ಲಮ್ಮ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಕುಕ್ಕರ್ ಕೂಗಿತು, ಅಮ್ಮ ಎದ್ದುಹೋದಳು. ಸಂಜೆ ಹೇಳಿದರಾಯಿತು ಎಂದುಕೊಂಡೆ. ಸಂಜೆಯೂ ಹೇಳಲಿಲ್ಲ. ಅಮ್ಮ ಮೆಚ್ಚಿದಳು ಎಂದಷ್ಟೇ ತಂಗಿಗೆ ತಿಳಿಸಿದೆ.

ಮೆಟ್ಟಿಲ ಕೆಳಗೆ ಮರಳು ಹರಡಿ, ರಾಗಿ ಮೊಳಕೆಯ ಹುಲ್ಲು ಬೆಳೆಸಿ, ನಡುವೆ ಕನ್ನಡಿಯೊಂದನ್ನು ಅಂಗಾತ ಇಟ್ಟು ಕೆರೆ ಮಾಡಿದ್ದೆವು. ಕೆರೆಯಮ್ಮ ಕನ್ನಡಿಯ ಮೇಲೆ ನಿಂತಳು. ಅವಳ ನೆರಳು ಒಳಗೆ ತಲೆಕೆಳಗಾಗಿ ಕಾಣುತ್ತಿತ್ತು.

ಆರನೆಯ ದಿನ ಕನ್ನಡದವರ ಸಂಘವೊಂದರ ಮೂವರು ಹೆಂಗಸರು ಬಂದರು. ಮನೆಮನೆಗೆ ಹೋಗಿ ಗೊಂಬೆ ನೋಡಿ ಚೆನ್ನಾಗಿದ್ದವರಿಗೆ ಬಹುಮಾನ ಕೊಡುವುದು ಅವರ ಪದ್ಧತಿ. ಅವರಲ್ಲಿ ಒಬ್ಬಾಕೆ ನುಂಗಂಬಾಕ್ಕಂನಲ್ಲಿ ಹೆಣ್ಣುಮಕ್ಕಳಿಗೆ ಗೊಂಬೆ ಮಾಡುವುದನ್ನು ಕಲಿಸುವ ಸಣ್ಣ ಶಾಲೆ ನಡೆಸುತ್ತಿದ್ದರು. ಆಮೇಲೆ ನಾನು ಅವರನ್ನು ಟೀಚರ್ ಎಂದೇ ಕರೆದೆ, ಇಲ್ಲಿಯೂ ಹಾಗೆಯೇ ಕರೆಯುತ್ತೇನೆ. ಅವರು ಮೈಸೂರಿನ ಪಟ್ಟದ ಗೊಂಬೆಗಳನ್ನು ನೋಡಿ ತಲೆಯಾಡಿಸಿದರು, ಆಮೇಲೆ ಕೆರೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತುಬಿಟ್ಟರು.

"ಇದು ಯಾರ ಕೈಕೆಲಸ?" ಎಂದು ಕೇಳಿದರು.

"ನಮ್ಮ ದೊಡ್ಡವಳದು," ಎಂದಳು ಅಮ್ಮ. ಅವತ್ತು ಅವಳು ಸೆರಗು ಮುಟ್ಟಿಕೊಳ್ಳಲಿಲ್ಲ.

ತಂಗಿ ಅರಿಶಿನ ಕುಂಕುಮದ ತಟ್ಟೆ ಹಿಡಿದು ನನ್ನ ಪಕ್ಕದಲ್ಲೇ ನಿಂತಿದ್ದಳು. ಅವಳು ನನ್ನ ಮುಖ ನೋಡಿದಳು. ಗಾಬರಿಯೇನೂ ಇರಲಿಲ್ಲ, ಈಗ ಅಕ್ಕ ಹೇಳುತ್ತಾಳೆ ಎಂಬ ಧೈರ್ಯ ಇತ್ತು. ಇದೇನು ಪ್ರಾಣಿ, ಎಲ್ಲಿ ನೋಡಿದೆ ಎಂದು ಟೀಚರ್ ನನ್ನನ್ನು ಕೇಳಿದರು. ಎಲ್ಲಿಯೂ ಇಲ್ಲ, ಹಾಗೇ ತೋಚಿತು, ಮಾಡಿದೆ ಎಂದೆ. ಮಾತು ಎಷ್ಟು ಸಲೀಸಾಗಿ ಬಂತು ಎಂದರೆ ನನಗೇ ನಿಜವೆನಿಸಿತು.

"ಅದು ನಾನ್ ಪಣ್ಣದು," ಎಂದಳು ತಂಗಿ. ನಾನು ಮಾಡಿದ್ದು ಎಂದು. ಗಟ್ಟಿಯಾಗಿಯೇನೂ ಹೇಳಲಿಲ್ಲ.

ಎಲ್ಲರೂ ಅವಳ ಕಡೆ ತಿರುಗಿದರು. ನಾನು ನಕ್ಕು ಅವಳ ಹೆಗಲ ಮೇಲೆ ಕೈ ಹಾಕಿದೆ. "ಪೇಪರಿಗೆ ನೀರು ಹುಯ್ದಿದ್ದಳು, ಪಾಪ. ಅದಕ್ಕೇ ಎಲ್ಲಾ ತನ್ನದೇ ಅಂತಾಳೆ."

ಎಲ್ಲರೂ ನಕ್ಕರು. ಅಮ್ಮನೂ ನಕ್ಕಳು. ತಂಗಿ ತಲೆ ತಗ್ಗಿಸಿದಳು. ತಟ್ಟೆಯಲ್ಲಿದ್ದ ಕುಂಕುಮವನ್ನೇ ನೋಡುತ್ತಾ ಒಬ್ಬೊಬ್ಬರ ಮುಂದೆಯೂ ಸರದಿಯಂತೆ ತಟ್ಟೆ ಹಿಡಿದಳು. ನನ್ನ ಮುಂದೆಯೂ ಹಿಡಿದಳು.

ಬಹುಮಾನವಾಗಿ ಒಂದು ಹಿತ್ತಾಳೆ ದೀಪ ಬಂತು. ಅದಕ್ಕಿಂತ ದೊಡ್ಡದು ಟೀಚರ್ ಹೋಗುವಾಗ ಆಡಿದ ಮಾತು. ಹಬ್ಬ ಮುಗಿದ ಮೇಲೆ ನನ್ನ ಶಾಲೆಗೆ ಬಾ, ಓದಿನ ಸರ್ಟಿಫಿಕೇಟು ಬೇಡ, ಈ ಕೈ ಇದ್ದರೆ ಸಾಕು ಎಂದರು. ಆ ರಾತ್ರಿ ಊಟದ ಹೊತ್ತಿಗೆ ಅಪ್ಪ ನನ್ನ ಜೊತೆ ಮಾತಾಡಿದ ರೀತಿಯೇ ಬೇರೆಯಾಗಿತ್ತು. ಎಷ್ಟೋ ತಿಂಗಳ ಮೇಲೆ ನನ್ನ ತಟ್ಟೆಗೆ ತಾವೇ ತುಪ್ಪ ಬಡಿಸಿದರು. ತಂಗಿ ಎದುರಿಗೆ ಕೂತು ಉಣ್ಣುತ್ತಿದ್ದಳು. ಆಗಲಾದರೂ ಹೇಳಬಹುದಿತ್ತು. ತುಪ್ಪ ಕಲಸಿಕೊಂಡು ಉಂಡೆ.

ಪೇಪರಿನ ಗೊಂಬೆ ನಿಧಾನವಾಗಿ ಒಣಗುತ್ತದೆ. ಮೇಲೆ ಗಟ್ಟಿಯಾದಂತೆ ಕಂಡರೂ ಒಳಗೆ ಹಸಿ ಇರುತ್ತದೆ. ನನ್ನ ಸುಳ್ಳು ಒಳಗೆ ಹಸಿಯಾಗಿದ್ದದ್ದು ನುಂಗಂಬಾಕ್ಕಂಗೆ ಹೋದ ಎರಡನೇ ತಿಂಗಳಿಗೇ ಗೊತ್ತಾಯಿತು. ಮೊದಲು ಬಣ್ಣ ಬಳಿಯುವುದು, ಉಜ್ಜುವುದು ಇಂಥ ಕೆಲಸ ಕೊಟ್ಟರು, ನಡೆಯಿತು. ಆಮೇಲೆ ಟೀಚರ್, ಆ ನಿನ್ನ ನೀಲಿ ಪ್ರಾಣಿಯಂಥದ್ದು ಆರು ಮಾಡಿಕೊಡು, ಪ್ರದರ್ಶನಕ್ಕೆ ಇಡೋಣ ಎಂದರು. ಮೈ ಮಾಡಿದೆ. ಬೆನ್ನು ಮಾಡಿದೆ. ಕತ್ತು ನಿಲ್ಲಲಿಲ್ಲ. ಎತ್ತರಕ್ಕೆ ಎಳೆದರೆ ಬಾಗಿ ಬೀಳುತ್ತಿತ್ತು, ದಪ್ಪ ಮಾಡಿದರೆ ಬಿರುಕು ಬಿಡುತ್ತಿತ್ತು. ಬಿದಿರುಕಡ್ಡಿ ಇಟ್ಟರೆ ನೆಟ್ಟಗೆ ಕೊಡೆಯ ಹಿಡಿಯಂತೆ ನಿಂತಿತು. ತಂಗಿ ಅದನ್ನು ಹೇಗೆ ನಿಲ್ಲಿಸಿದಳು ಎಂದು ನಾನು ನೋಡಿಯೇ ಇರಲಿಲ್ಲ. ಅವತ್ತು ನಾನು ಬಟ್ಟೆ ಒಗೆಯುತ್ತಿದ್ದೆ.

ಅವಳನ್ನೇ ಕೇಳಬೇಕಾಯಿತು. ಅಂಗಳದ ನಲ್ಲಿಯ ಹತ್ತಿರ ಹೋಗಿ, ಕತ್ತು ಹೇಗೆ ನಿಲ್ಲಿಸಿದೆ ಎಂದು ಕೇಳಿದೆ. ಅವಳು ಕೊಡ ತುಂಬಿಸಿ ಬದಿಗಿಟ್ಟಳು. ನನ್ನ ಮುಖಕ್ಕೆ ಉಗಿಯಬಹುದಿತ್ತು, ಅಮ್ಮನಿಗೆ ಕೂಗಿ ಹೇಳಬಹುದಿತ್ತು. ಆಮೇಲೆ ಒಳಗೆ ಹೋಗಿ ತೆಂಗಿನಕಡ್ಡಿಯ ಪೊರಕೆಯಿಂದ ಏಳೆಂಟು ಕಡ್ಡಿ ಕಿತ್ತು ತಂದಳು. ನೀರಿನಲ್ಲಿ ನೆನೆಸಿ, ದಾರದಿಂದ ಸಡಿಲವಾಗಿ ಕಟ್ಟಿ, ಬಾಗಿಸಿ, ಒಲೆಯ ಪಕ್ಕ ಒಣಗಿಸಬೇಕು. ಆಗ ಬಾಗಿದ್ದು ಬಾಗಿದಂತೆಯೇ ನಿಲ್ಲುತ್ತದೆ. ಹೇಳಿಕೊಟ್ಟಳು. ನನ್ನ ಕೈಗೆ ಬರಲಿಲ್ಲ. ನಾನು ಬಾಗಿಸಿದವು ಮುರಿದವು. ಕೊನೆಗೆ ಆರು ಕತ್ತುಗಳನ್ನೂ ಅವಳೇ ಮಾಡಿದಳು. ಅರ್ಧ ವರ್ಷದ ಪರೀಕ್ಷೆ ನಡೆಯುತ್ತಿದ್ದ ವಾರ ಅದು. ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಕಡ್ಡಿ ಕಟ್ಟುತ್ತಿದ್ದಳು. ಅಕ್ಕನಿಗೆ ಸಹಾಯ ಮಾಡುತ್ತಿದ್ದಾಳೆ ಎಂದು ಅಮ್ಮ ಮೆಚ್ಚಿಕೊಂಡಳು. ಆರನ್ನೂ ಬಟ್ಟೆಯಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ಹೋಗಿ ನನ್ನವೆಂದು ಟೀಚರ್ ಮುಂದೆ ಇಟ್ಟೆ.

ಅದೇ ವಾರ ಮೇಲಿನ ಮನೆಯ ಅಜ್ಜಿಗೆ ಏನೋ ಕೊಟ್ಟುಬರಲು ಮಹಡಿಗೆ ಹೋಗಿದ್ದೆ. ತಂಗಿ ಒಬ್ಬಳೇ ಟಿವಿಯ ಮುಂದೆ ಕೂತಿದ್ದಳು. ನನ್ನನ್ನು ಅವಳು ನೋಡಲಿಲ್ಲ. ಅದೇ ಗವಿ, ಅದೇ ಕೆರೆ. ಅವಳು ಮೇಲಕ್ಕೆ ಹಾರಿ ಬೆನ್ನಿನ ಮೇಲೆ ದೊಪ್ಪೆಂದು ಬಿದ್ದಳು. ಪ್ರಾಣಿ ತಲೆ ತಗ್ಗಿಸಿತು. ತಗ್ಗಿದ ತಲೆಯ ಮೇಲೆ ಅವಳು ಓಡಲಿಲ್ಲ. ಅದು ತಾನಾಗಿಯೇ ಕತ್ತು ಎತ್ತುವವರೆಗೆ ಕಾದಳು. ಎತ್ತಿದ ಕೂಡಲೇ ಮತ್ತೆ ಹೊಡೆದಳು. ಅದು ಮತ್ತೆ ತಗ್ಗಿಸಿತು. ನಕ್ಷತ್ರದ ಕಡೆ ಅವಳು ತಿರುಗಿಯೂ ನೋಡಲಿಲ್ಲ. ಏಳೆಂಟು ಸಲ ಎಣಿಸಿದೆ, ಆಮೇಲೆ ಎಣಿಸಲಾಗಲಿಲ್ಲ. ತಂದದ್ದನ್ನು ಬಾಗಿಲಲ್ಲೇ ಇಟ್ಟು ಸದ್ದಿಲ್ಲದೆ ಇಳಿದುಬಂದೆ.

ಆಮೇಲೆ ಅವಳು ಆಟಕ್ಕೆ ಹೋಗುವುದನ್ನು ಬಿಟ್ಟಳು. ಗೊಂಬೆಯನ್ನೂ ಮಾಡಲಿಲ್ಲ. ಮುಂದಿನ ನವರಾತ್ರಿಗೆ ಪೆಟ್ಟಿಗೆ ತೆರೆದಾಗ ಕೆರೆಯಮ್ಮನ ಬೆನ್ನಿನ ಮೇಲೆ ಒಬ್ಬಳೇ ಇದ್ದಳು, ಜಡೆಯವಳು. ಹಿಂದೆ ನಿಂತಿದ್ದ ಚಿಕ್ಕದು ಇರಲಿಲ್ಲ. ಅದು ನಿಂತಿದ್ದ ಕಡೆ ಬಣ್ಣ ಎದ್ದು, ಅವರೆಕಾಳಿನಷ್ಟು ಬಿಳಿ ಗುರುತು. ಇಲ್ಲೇನೋ ಇತ್ತಲ್ಲೇ ಎಂದಳು ಅಮ್ಮ. ಬಿದ್ದುಹೋಯಿತು ಎಂದೆ. ಪ್ರತಿ ವರ್ಷವೂ ಅಮ್ಮ ಕೇಳುತ್ತಾಳೆ, ನಾನು ಅದನ್ನೇ ಹೇಳುತ್ತೇನೆ.

ಆ ಕೆಲಸವೇ ನನ್ನ ಬದುಕಾಯಿತು. ಕಡ್ಡಿ ಬಾಗಿಸುವುದನ್ನು ಎರಡು ವರ್ಷ ತೆಗೆದುಕೊಂಡು ಹೇಗೋ ಕಲಿತೆ. ಆಮೇಲೆ ನಾನೇ ಬೇರೆಯವರಿಗೆ ಕಲಿಸಿದೆ. ದೊಡ್ಡವಳು ಏನು ಮಾಡುತ್ತಾಳೆ ಎಂದು ಯಾರಾದರೂ ಕೇಳಿದರೆ ಅಮ್ಮ ಈಗ ಉದ್ದಕ್ಕೆ ಹೇಳುತ್ತಾಳೆ. ಹೊಸಬರು ಬಂದಾಗಲೆಲ್ಲ ಟೀಚರ್ ನನ್ನನ್ನು ತೋರಿಸಿ, ಈ ಹುಡುಗಿ ಯಾರಿಂದಲೂ ಕಲಿಯದೆ ಮೊದಲ ಗೊಂಬೆ ಮಾಡಿದಳು ಎನ್ನುತ್ತಿದ್ದರು. ಆ ಮಾತು ಬರುವಾಗ ನಾನು ಕೈ ತೊಳೆಯಲು ಏಳುತ್ತಿದ್ದೆ.

ತಂಗಿ ಕಾಲೇಜು ಸೇರಿದ ವರ್ಷದ ನವರಾತ್ರಿಯಲ್ಲಿ ಟೀಚರ್ ಮತ್ತೆ ನಮ್ಮ ಮನೆಗೆ ಬಂದಿದ್ದರು. ಅಂಗಳದ ಹೆಂಗಸರೂ ಇದ್ದರು. ಅಮ್ಮ ಉಸಲಿ ಕೊಡುತ್ತಾ, ಇದೇ ನೋಡಿ ನಮ್ಮ ದೊಡ್ಡವಳ ಮೊದಲ ಗೊಂಬೆ ಎಂದಳು. ತಂಗಿ ಅದೇ ಕುಂಕುಮದ ತಟ್ಟೆ ಹಿಡಿದಿದ್ದಳು. ಆ ತಟ್ಟೆ ಕಂಡು ನನಗೆ ತಡೆಯಲಾಗಲಿಲ್ಲ.

"ಅದನ್ನ ಮಾಡಿದ್ದು ನಾನಲ್ಲ," ಎಂದೆ. "ಇವಳು. ನಾನು ಬರೀ ರುಬ್ಬಿಕೊಟ್ಟೆ."

ಟೀಚರ್ ನಕ್ಕರು. ನೋಡಿ, ಇಷ್ಟು ಹೆಸರು ಬಂದರೂ ಎಷ್ಟು ವಿನಯ, ತಂಗಿಗೆ ಕೊಡುತ್ತಿದ್ದಾಳೆ ಎಂದರು. ಅಮ್ಮನ ಕಣ್ಣು ತುಂಬಿತು. ನಾನು ತಂಗಿಯ ಕಡೆ ನೋಡಿದೆ. ಇವತ್ತಾದರೂ ಅವಳು ಹೌದು ಎನ್ನಲಿ ಎಂದು ಕಾದೆ.

"ಅಕ್ಕಾ ಚುಮ್ಮಾ ಸೊಲ್ರಾ," ಎಂದಳು. ಅಕ್ಕ ಸುಮ್ಮನೆ ಹೇಳುತ್ತಾಳೆ ಎಂದು. "ನಾನು ನೀರು ಹುಯ್ದೆ, ಅಷ್ಟೇ."

ತಲೆ ತಗ್ಗಿಸಿ, ತಟ್ಟೆ ಹಿಡಿದುಕೊಂಡು ಟೀಚರ್ ಕಡೆ ಹೋದಳು.

ವಿಜಯದಶಮಿ ಕಳೆದ ಮರುದಿನ ಗೊಂಬೆಗಳನ್ನು ಸುತ್ತಿಡುವಾಗ ನಾವಿಬ್ಬರೇ ಇದ್ದೆವು. ಯಾಕೆ ಹಾಗೆ ಹೇಳಿದೆ ಎಂದು ಕೇಳಿದೆ. ಅವಳು ರಾಣಿಯ ಗೊಂಬೆಗೆ ದಾರ ಕಟ್ಟುತ್ತಿದ್ದಳು.

"ಇನ್ನೇನು ಹೇಳ್ಲಿ? ಟೀಚರ್ ಎದುರಿಗೆ ಹೇಳ್ತೀಯಲ್ಲ, ನಾಳೆ ಅಲ್ಲಿ ಹೇಗೆ ಮುಖ ತೋರಿಸ್ತೀಯ?"

"ತೋರಿಸೋಕೆ ಆಗದಿದ್ದರೆ ಬೇಡ. ನಿಜ ಗೊತ್ತಾಗಲಿ ಅಂತ."

"ಹೇಳೋದಾಗಿದ್ದರೆ ಅವತ್ತೇ ಹೇಳಬೇಕಿತ್ತು, ಅಕ್ಕಾ. ಅವತ್ತು ನನಗೆ ಬೇಕಾಗಿತ್ತು. ಈಗ ಹೇಳಿದರೆ ನಿನಗೆ ಹಗುರ ಆಗತ್ತೆ. ನನಗೇನು?" ಹಲ್ಲಿನಿಂದ ದಾರ ಕಡಿದಳು. "ಊರಿಗೆಲ್ಲ ಬೇಡ. ಅಮ್ಮಂಗೆ ಹೇಳು. ಅವತ್ತು ಅಮ್ಮನೂ ನಕ್ಕಳಲ್ಲ, ಅದೊಂದೇ ನನಗೆ ಚುಚ್ಚೋದು."

ಕೆರೆಯಮ್ಮನನ್ನು ಪಂಚೆಯ ತುಂಡಿನಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟಳು. ಅದರ ಮೇಲೆ ಆ ಮಾತು ನಮ್ಮಲ್ಲಿ ಬಂದಿಲ್ಲ. ಅವಳು ನನ್ನ ಜೊತೆ ಚೆನ್ನಾಗಿದ್ದಾಳೆ. ಫೋನು ಮಾಡುತ್ತಾಳೆ, ಹಬ್ಬಕ್ಕೆ ಬರುತ್ತಾಳೆ, ನನ್ನ ಅಡುಗೆಗೆ ಉಪ್ಪು ಹೆಚ್ಚೆಂದು ಜಗಳವಾಡುತ್ತಾಳೆ. ಅವಳ ಹೆಗಲ ಮೇಲೆ ಕೈ ಹಾಕಲು ಮಾತ್ರ ನನಗೆ ಆಗುವುದಿಲ್ಲ.

ಅಮ್ಮನಿಗೆ ಹೇಳಲು ಎಷ್ಟೋ ಸಲ ಹೋಗಿದ್ದೇನೆ. ಎದುರಿಗೆ ಕೂತರೆ ಅವಳು ನನ್ನ ಬೆರಳುಗಳನ್ನು ಹಿಡಿದು, ಬಣ್ಣ ಹೋಗಿಲ್ಲವಲ್ಲೇ ಎನ್ನುತ್ತಾಳೆ, ಅಲ್ಲಿಗೆ ಮುಗಿಯಿತು. ಅದಕ್ಕೇ ಬರೆದೆ. ಅಮ್ಮ ಓದಬೇಕೆಂದು ಅವಳೇ ಕಲಿಸಿದ ಅಕ್ಷರದಲ್ಲಿ ಬರೆದೆ. ಗೊಂಬೆಯ ಪೆಟ್ಟಿಗೆಯನ್ನು ನವರಾತ್ರಿಯ ಹಿಂದಿನ ದಿನ ಮೊದಲು ತೆರೆಯುವವಳು ಅವಳು. ಅವತ್ತು ಅವಳಿಗಿಂತ ಮೊದಲು ಬೇರೆ ಯಾರೂ ಮುಟ್ಟುವಂತಿಲ್ಲ. ಈ ಹಾಳೆಗಳನ್ನು ಕೆರೆಯಮ್ಮನ ಜೊತೆ ಅದೇ ಬಟ್ಟೆಯೊಳಗೆ ಇಡುತ್ತೇನೆ. ಬೆನ್ನಿನ ಮೇಲಿನ ಬಿಳಿ ಗುರುತಿಗೆ ಬಣ್ಣ ಹಚ್ಚಲು ನನಗೆ ಅರ್ಧ ನಿಮಿಷ ಸಾಕು. ಹಚ್ಚಿಲ್ಲ. ಇಲ್ಲೇನೋ ಇತ್ತಲ್ಲೇ ಎಂದು ಅಮ್ಮ ಈ ವರ್ಷವೂ ಕೇಳುತ್ತಾಳೆ.